ಕಚೇರಿಯಿಲ್ಲದ ಕಂಪನಿ, ಬರ್ಲಿನ್ನಿನ ಬದುಕು

ಎರಡು ತಿಂಗಳ ಹಿಂದೆ ಬ್ಲೂ ಕಾರ್ಡ್ (ಹೊರದೇಶದ ನುರಿತ ನೌಕರರಿಗೆ ಐರೋಪ್ಯ ಒಕ್ಕೂಟದಲ್ಲಿ ಸಿಗುವ ವಾಸ ಮತ್ತು ಕೆಲಸದ ಪರವಾನಗಿ) ಪಡೆದು ಬರ್ಲಿನ್‌ಗೆ ಬಂದಿರುವ ನೀವು, ಕಚೇರಿಯೇ ಇಲ್ಲದ ಡಿಜಿಟಲ್ ಜಾಹೀರಾತು ಕಂಪನಿಯೊಂದು ಕರೆದಿದೆ, ಈಗಿನ ಕೆಲಸ ಬಿಟ್ಟು ಅಲ್ಲಿಗೆ ಸೇರಬಹುದೇ, ಸೇರಿದರೆ ವರ್ಷದಲ್ಲಿ ಮೂರು ತಿಂಗಳು ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ. ಇಂಥದೇ ಕಂಪನಿಯಲ್ಲಿ ಏಳು ವರ್ಷ ಕಳೆದವನಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಕರಾರು ಪತ್ರವನ್ನು ನೋಡಿ. ಜರ್ಮನಿಯಲ್ಲಿ ಶಾಖೆಯಿಲ್ಲದ ಕೆಲವು ಕಂಪನಿಗಳು ನೌಕರಿಯ ಬದಲು ಗುತ್ತಿಗೆ ಕೊಟ್ಟು, ತಿಂಗಳಿಗೊಂದು ಬಿಲ್ ಕಳಿಸಿ ಎನ್ನುವುದುಂಟು. ಬ್ಲೂ ಕಾರ್ಡ್ ಸಿಗುವುದು ನೌಕರಿಯ ಆಧಾರದ ಮೇಲೆ; ಬಿಲ್ ಬರೆದು ಬದುಕುವುದಕ್ಕೆ ಅದು ಸಾಲದು, ಆರೋಗ್ಯ ವಿಮೆಯ ಪೂರ್ತಿ ಹೊರೆಯೂ ಆಗ ನಿಮ್ಮ ತಲೆಗೇ ಬರುತ್ತದೆ. ನೌಕರಿಯೇ ಆದರೂ, ಮೊದಲ 12 ತಿಂಗಳೊಳಗೆ ಕೆಲಸ ಬದಲಿಸುವವರು ವಿದೇಶಿಯರ ಕಚೇರಿಗೆ ತಿಳಿಸಬೇಕು. ಪ್ರೊಬೆಷನ್ ಆರು ತಿಂಗಳವರೆಗೆ ಇರಬಹುದು, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಬಿಡಿಸಬಹುದು ಎಂಬುದೂ ನೆನಪಿರಲಿ.

ಇನ್ನು ಕೆಲಸದ ಮಾತು. ಯಾರೋ ಒಬ್ಬರು ಫೋನಿನಲ್ಲಿ ಒಂದು ಪುಟ ತೆರೆದರೆ, ಅದು ಪೂರ್ತಿ ಮೂಡುವುದರೊಳಗೆ ಅಲ್ಲಿನ ಜಾಹೀರಾತಿನ ಜಾಗಕ್ಕೆ ಹರಾಜು ನಡೆದು ಮುಗಿದಿರುತ್ತದೆ. ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟರವರೆಗೆ ಕೂಗಬೇಕೆಂದು ಹೇಳಿಟ್ಟು, ಮರುದಿನ ಲೆಕ್ಕ ನೋಡಿ ತಿದ್ದುವುದು ನಮ್ಮ ಕೆಲಸ. ಈ ಹರಾಜಿಗೆ ರಾತ್ರಿಯೂ ಇಲ್ಲ, ಭಾನುವಾರವೂ ಇಲ್ಲ. ಸೇರಿದ ವರ್ಷ ಒಂದು ಶುಕ್ರವಾರ ಸಂಜೆ, ದಿನದ ಬಜೆಟ್ 300 ಯೂರೊ ಎಂದಿರಬೇಕಾದಲ್ಲಿ 3000 ಎಂದು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ಕಚೇರಿಯಾಗಿದ್ದರೆ ಪಕ್ಕದ ಮೇಜಿನವರ ಕಣ್ಣಿಗಾದರೂ ಬೀಳುತ್ತಿತ್ತೇನೋ. ನನ್ನ ಪಕ್ಕದಲ್ಲಿದ್ದದ್ದು ಬಟ್ಟೆ ಒಣಹಾಕಿದ ಸ್ಟ್ಯಾಂಡ್ ಮಾತ್ರ. ಶನಿವಾರ ಬೆಳಗ್ಗೆ ಬೆಂಗಳೂರಿನ ಸಹೋದ್ಯೋಗಿಯೊಬ್ಬರು ನೋಡಿ ಫೋನ್ ಮಾಡಿದರು. ಅಂದಿನಿಂದ ಶುಕ್ರವಾರ ಮಧ್ಯಾಹ್ನದ ಮೇಲೆ ನಾನು ಬಜೆಟ್ ಮುಟ್ಟುವುದಿಲ್ಲ.

ಜರ್ಮನಿಯ ಗ್ರಾಹಕರಿಗೆ ದುಡಿಯುವುದಾದರೆ ಇನ್ನೊಂದು ತೊಡಕಿದೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ 2018ರ ಮೇ 25ರಿಂದ ಜಾರಿಯಲ್ಲಿದೆ, ಮತ್ತು ಇಲ್ಲಿನ ಜನ ಕುಕೀಗಳನ್ನು (ಯಾರು ಏನು ನೋಡಿದರೆಂದು ಗುರುತಿಡಲು ಜಾಲತಾಣಗಳು ಫೋನಿನಲ್ಲಿ ಇಡುವ ಪುಟ್ಟ ಕಡತಗಳು) ನಿರಾಕರಿಸಲು ಹಿಂಜರಿಯುವವರಲ್ಲ. ಹಾಗಾಗಿ ಯಾವ ಕ್ಲಿಕ್ಕಿನಿಂದ ಯಾವ ಮಾರಾಟವಾಯಿತೆಂಬ ಲೆಕ್ಕದಲ್ಲಿ ಒಂದಷ್ಟು ಅಂದಾಜೇ ಆಗಿರುತ್ತದೆ, ಅದನ್ನು ಗ್ರಾಹಕನಿಗೆ ಮುಚ್ಚುಮರೆಯಿಲ್ಲದೆ ವಿವರಿಸುವುದು ಕೆಲಸದ ಅತಿ ಕಷ್ಟದ ಭಾಗ.

ಗ್ರಾಹಕರು ನ್ಯೂಯಾರ್ಕಿನವರಾದರೆ ನಮಗೂ ಅವರಿಗೂ ಆರು ಗಂಟೆಯ ಅಂತರ. ಅಮೆರಿಕದವರು ಗಡಿಯಾರವನ್ನು ಮಾರ್ಚ್ ಎರಡನೆಯ ಭಾನುವಾರ, ನಾವು ಕೊನೆಯ ಭಾನುವಾರ ಮುಂದಕ್ಕೆ ತಿರುಗಿಸುವುದರಿಂದ ನಡುವಿನ ದಿನಗಳಲ್ಲಿ ಅದು ಐದು ಗಂಟೆಗೆ ಇಳಿದು, ಪ್ರತಿವರ್ಷ ಯಾರಾದರೊಬ್ಬರು ಮೀಟಿಂಗ್ ತಪ್ಪಿಸಿಕೊಳ್ಳುತ್ತಾರೆ. ಅವರ ಸಂಜೆ ನಾಲ್ಕರ ಮೀಟಿಂಗ್ ನಮಗೆ ರಾತ್ರಿ ಹತ್ತಕ್ಕೆ. ಇಲ್ಲಿನ ಕಾನೂನಿನಂತೆ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವಿರಬೇಕು. ಹನ್ನೊಂದಕ್ಕೆ ಮೀಟಿಂಗ್ ಮುಗಿಸಿದವರು ಮರುದಿನ ಬೆಳಗ್ಗೆ ಹತ್ತರವರೆಗೆ ಲಾಗಿನ್ ಆಗದಿರುವುದು ಸೋಮಾರಿತನವಲ್ಲ, ಹಕ್ಕು. ಮನೆಯಲ್ಲೇ ಕುಳಿತವರಿಗೆ ಇದನ್ನು ಯಾರೂ ನೆನಪಿಸುವುದಿಲ್ಲ. ನವೆಂಬರಿನಲ್ಲಿ ಬ್ಲ್ಯಾಕ್ ಫ್ರೈಡೇ ಎಂಬ ದೊಡ್ಡ ರಿಯಾಯಿತಿ ಮಾರಾಟದ ತಯಾರಿಯಿರುವುದರಿಂದ ರಜೆ ಸಿಗುವುದು ಕಷ್ಟ, ದೀಪಾವಳಿ ಆ ತಿಂಗಳಿಗೆ ಬಿದ್ದ ವರ್ಷ ಊರಿನ ಆಸೆ ಬಿಡಬೇಕಾಗುತ್ತದೆ.

ಶಿವಮೊಗ್ಗದಿಂದ ಮೂರು ತಿಂಗಳು ದುಡಿಯುವುದರಿಂದ ಬ್ಲೂ ಕಾರ್ಡ್ ರದ್ದಾಗುವುದಿಲ್ಲ. ಆದರೆ ಭಾರತದಲ್ಲಿ ಕುಳಿತು ಮಾಡಿದ ಕೆಲಸದ ತೆರಿಗೆ ಮತ್ತು ಸಾಮಾಜಿಕ ವಿಮೆಯ ಪ್ರಶ್ನೆಗಳಿಗೆ ಕಂಪನಿಗಳು ಹೆದರುತ್ತವೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕೇ ವಾರ. ನಿಮಗೆ ಎಷ್ಟೆಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ, ಬಾಯಿಮಾತಿನ ಭರವಸೆ ಬೇಡ.

ಸೇರಬೇಡಿ ಎನ್ನಲಾರೆ. ಆದರೆ ಸೇರುವ ವಾರವೇ ಸಂಜೆಯ ಜರ್ಮನ್ ತರಗತಿಗೆ ಹೆಸರು ಕೊಡಿ. ಬ್ಲೂ ಕಾರ್ಡ್‌ನವರಿಗೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಭಾಷೆಯಿದ್ದರೆ 21 ತಿಂಗಳಿಗೆ, ಆರಂಭದ ಹಂತವಾದ ಎ1 ಮಾತ್ರವಿದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ದಾರಿಯಿದೆ. ದಿನವಿಡೀ ಇಂಗ್ಲಿಷಿನಲ್ಲಿ ಮೀಟಿಂಗ್, ಸಂಜೆ ಊರಿಗೆ ಫೋನ್, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲೆ; ಹೀಗೆ ಐದು ವರ್ಷ ಕಳೆದ ಮೇಲೆ ಕೆಳಮನೆಯ ಅಜ್ಜಿ ಮೆಟ್ಟಿಲಲ್ಲಿ ನಿಲ್ಲಿಸಿ ಏನೋ ಕೇಳಿದಾಗ, ಅವರು ಕೇಳಿದ್ದು ನನ್ನ ಹೆಸರು ಎಂದು ತಿಳಿಯಲು ನನಗೆ ಎರಡು ಸಲ ಹೇಳಿಸಬೇಕಾಯಿತು.