ಹಳೆಯ ದೊಡ್ಡ ಮನೆಯ ಬಿಸಿನೀರಿನ ಹೀಟಿಂಗ್‌ಗೆ ಎಷ್ಟು ಜೋನ್ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬಾಸ್ಟನ್ ಹತ್ತಿರ 1920ರ ದಶಕದ ಮೂರಂತಸ್ತಿನ ಮನೆ, ಬಿಸಿನೀರು ಹರಿದು ಕೋಣೆ ಕಾಯಿಸುವ ಬೀಡುಕಬ್ಬಿಣದ ರೇಡಿಯೇಟರ್‌ಗಳು, ಇಡೀ ಮನೆಗೆ ಒಂದೇ ಥರ್ಮೋಸ್ಟಾಟ್. ಕೆಳಗೆ ಸೆಕೆ, ಮೇಲೆ ಚಳಿ. ಕಂಟ್ರಾಕ್ಟರ್ ಹೊಸ ಬಾಯ್ಲರ್ ಜೊತೆ ಏಳು ಜೋನ್ (ತನ್ನದೇ ಥರ್ಮೋಸ್ಟಾಟಿನಿಂದ ಬೇರೆಯಾಗಿ ಬಿಸಿಯಾಗುವ ಮನೆಯ ಭಾಗ) ಮಾಡೋಣ ಅನ್ನುತ್ತಿದ್ದಾರೆ, ಒಪ್ಪಬಹುದೇ?

ನಾನಾದರೆ ಏಳಕ್ಕೆ ಒಪ್ಪುವುದಿಲ್ಲ. ಎರಡು, ಹೆಚ್ಚೆಂದರೆ ಮೂರು ಜೋನ್ ಸಾಕು. ಕೋಣೆಕೋಣೆಯ ವ್ಯತ್ಯಾಸವನ್ನು ರೇಡಿಯೇಟರಿಗೇ ಕೂರಿಸುವ, ಕೋಣೆಯ ಬಿಸಿ ನೋಡಿ ತಾನೇ ತೆರೆದು ಮುಚ್ಚುವ ಥರ್ಮೋಸ್ಟಾಟಿಕ್ ವಾಲ್ವ್ ನೋಡಿಕೊಳ್ಳುತ್ತದೆ. (ಬಾಯ್ಲರ್ ಪಕ್ಕ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದ್ದರೆ ನಿಮ್ಮದು ಬಿಸಿನೀರಿನದಲ್ಲ, ಸ್ಟೀಮ್ (ಹಬೆ) ವ್ಯವಸ್ಥೆ, ಆಗ ಇದ್ಯಾವುದೂ ಅನ್ವಯಿಸುವುದಿಲ್ಲ.)

ಏಳು ಯಾಕೆ ಬೇಡ ಅಂದರೆ, ಬಾಯ್ಲರ್ ತನ್ನ ಉರಿಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾರದು. ಗಂಟೆಗೆ 1,10,000 ಬಿಟಿಯು (ಶಾಖದ ಅಳತೆ) ಕೊಡುವ ಬಾಯ್ಲರ್ ಹತ್ತನೇ ಒಂದು ಭಾಗಕ್ಕೆ ಇಳಿದರೂ 11,000 ಬಿಟಿಯು ಉರಿಯುತ್ತಿರುತ್ತದೆ. ಒಂದು ಮಲಗುವ ಕೋಣೆಗೆ ಅಷ್ಟೇನೂ ಚಳಿಯಿಲ್ಲದ ದಿನ 2,000 ಸಾಕು. ಆ ಕೋಣೆಯೊಂದೇ ಬಿಸಿ ಕೇಳಿದಾಗ ಬಾಯ್ಲರ್ ಹೊತ್ತಿ ಆರಿ, ಹೊತ್ತಿ ಆರಿ ಸವೆಯುತ್ತದೆ, ಗ್ಯಾಸೂ ದಂಡ. ಆದ್ದರಿಂದ ಅತಿ ಚಿಕ್ಕ ಜೋನ್ ಎಷ್ಟು ಶಾಖ ಹೀರುತ್ತದೆ, ಬಾಯ್ಲರಿನ ಕನಿಷ್ಠ ಉರಿ ಎಷ್ಟು ಎಂದು ಕಂಟ್ರಾಕ್ಟರನ್ನು ಕೇಳಿ, ಎರಡೂ ಸಂಖ್ಯೆಗಳನ್ನು ಬರೆಸಿಕೊಳ್ಳಿ.

ಅದಕ್ಕೂ ಮೊದಲು ಅಳತೆ ಆಗಬೇಕು. ಹೊರಗೆ 10 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಪ್ರತಿ ಕೋಣೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಒಂದು ಕಡೆ, ಆ ಕೋಣೆಯ ರೇಡಿಯೇಟರ್ ಎಷ್ಟು ಕೊಡಬಲ್ಲದು ಎಂಬುದು ಇನ್ನೊಂದು ಕಡೆ. ರೇಡಿಯೇಟರಿನ ಎತ್ತರ ಅಳೆದು, ಸೆಕ್ಷನ್ (ಸಾಲಾಗಿ ಜೋಡಿಸಿದ ತುಂಡು), ಪ್ರತಿ ಸೆಕ್ಷನ್ನಿನ ಕಾಲಂ (ನಿಂತ ಕೊಳವೆ) ಎಣಿಸಿದರೆ ಅದು ಶಾಖ ಹೊರಸೂಸುವ ಚದರಡಿ ಲೆಕ್ಕ, ಅಂದರೆ ಇಡಿಆರ್, ಪಟ್ಟಿಯಲ್ಲಿ ಸಿಗುತ್ತದೆ. ನೀರಿನ ಸರಾಸರಿ ಬಿಸಿ 170 ಡಿಗ್ರಿ ಇದ್ದರೆ ಒಂದು ಚದರಡಿಗೆ ಗಂಟೆಗೆ 150 ಬಿಟಿಯು, 150 ಡಿಗ್ರಿ ಇದ್ದರೆ ಸುಮಾರು 110. ಮನೆಯ ಶಾಖದ ನಷ್ಟ ಗಂಟೆಗೆ 65,000 ಬಿಟಿಯು, ಇಡಿಆರ್ ಒಟ್ಟು 600 ಎಂದುಕೊಳ್ಳಿ: ಅತಿ ಚಳಿಯ ದಿನವೂ 150 ಡಿಗ್ರಿ ನೀರೇ ಸಾಕು. ಹಳೆಯ ಮನೆಗಳಲ್ಲಿ ರೇಡಿಯೇಟರ್ ಧಾರಾಳವಾಗಿಯೇ ಇರುತ್ತದೆ, ಕಿಟಕಿ, ಅಟ್ಟ ಭದ್ರ ಮಾಡಿದ ಮೇಲಂತೂ ಇನ್ನೂ ಹೆಚ್ಚಾಗುತ್ತದೆ. ಹೊಸ ಬಾಯ್ಲರಿನ ಗಾತ್ರವನ್ನು ಈ ಲೆಕ್ಕದಿಂದ ತೆಗೆಯಿರಿ, ಹಳೆಯ ಬಾಯ್ಲರಿನ ಫಲಕ ನೋಡಿ ಅಲ್ಲ.

ಮೇಲೆ ಚಳಿ ಯಾಕೆ? ದಪ್ಪ ಪೈಪಿನ ಈ ವ್ಯವಸ್ಥೆಗಳು ಮೊದಲು ಪಂಪಿಲ್ಲದೆ, ಬಿಸಿನೀರು ತಾನಾಗಿ ಮೇಲೇರುವ ಗುಣದ ಮೇಲೆ ನಡೆಯುತ್ತಿದ್ದವು. ಮೇಲಿನ ಮಹಡಿಗೆ ನೀರು ಸುಲಭವಾಗಿ ಏರುತ್ತದೆಂದು ಅಲ್ಲಿಗೆ ಸಣ್ಣ ಪೈಪು ಹಾಕುತ್ತಿದ್ದರು, ಕೆಲವೆಡೆ ವಾಲ್ವಿನೊಳಗೆ ತೂತಿನ ಬಿಲ್ಲೆಯನ್ನೂ ಇಡುತ್ತಿದ್ದರು. ಆಮೇಲೆ ಪಂಪ್ ಬಂತು. ನೀರು ಹತ್ತಿರದ, ಅಗಲದ ದಾರಿ ಹಿಡಿದು ಕೆಳಗಿನ ರೇಡಿಯೇಟರುಗಳಲ್ಲೇ ಸುತ್ತತೊಡಗಿತು. ಹಾಗಾಗಿ ಮೊದಲು ಕೆಳಗಿನ ವಾಲ್ವುಗಳನ್ನು ಸ್ವಲ್ಪ ಮುಚ್ಚಿ, ಮೇಲಿನವುಗಳ ಗಾಳಿ ತೆಗೆದು, ಬಿಲ್ಲೆ ಇದ್ದರೆ ಕಳಚಿ ನೋಡಿ. ಅರ್ಧ ತೊಂದರೆ ಅಲ್ಲೇ ತೀರಬಹುದು.

ಮಹಡಿವಾರು ಜೋನ್ ಬೇಕೆಂದರೆ ಬೇಸ್‌ಮೆಂಟಿನಲ್ಲಿ ಪ್ರತಿ ಕವಲಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಯಾವುದು ಯಾವ ರೇಡಿಯೇಟರಿಗೆ ಹೋಗುತ್ತದೆಂದು ಪತ್ತೆಮಾಡಿ. ಒಂದೇ ಕವಲು ಎರಡು ಮಹಡಿಗೂ ಹಂಚಿದ್ದರೆ ಗೋಡೆ ಒಡೆಯದೆ ಬೇರ್ಪಡಿಸಲಾಗದು. ಆಗ ಮನೆಯ ಮುಂಭಾಗ, ಹಿಂಭಾಗ ಎಂದು ವಿಂಗಡಿಸುವುದೇ ಲೇಸು. ಇನ್ನು ಹೊಸ ಪೈಪಿನ ಗಾತ್ರ: ಸುತ್ತಿ ಬರುವಾಗ ನೀರು 20 ಡಿಗ್ರಿ ತಣಿಯುವ ಲೆಕ್ಕದಲ್ಲಿ ನಿಮಿಷಕ್ಕೆ ಒಂದು ಗ್ಯಾಲನ್ ನೀರು ಗಂಟೆಗೆ 10,000 ಬಿಟಿಯು ಹೊರುತ್ತದೆ. ಮುಕ್ಕಾಲು ಇಂಚಿನ ತಾಮ್ರದ ಪೈಪಿಗೆ 40,000, ಒಂದಿಂಚಿನದಕ್ಕೆ 80,000 ಎಂದು ಇಟ್ಟುಕೊಳ್ಳಿ. ಹೊಸದಾಗಿ ಪೆಕ್ಸ್ (ಬಾಗುವ ಪ್ಲಾಸ್ಟಿಕ್ ಪೈಪು) ಎಳೆದರೆ ಆಮ್ಲಜನಕ ತಡೆಯುವ ಪದರವಿರುವುದೇ ಆಗಬೇಕು, ಇಲ್ಲದಿದ್ದರೆ ಕಬ್ಬಿಣವೆಲ್ಲ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬೀಡಿನ ರೇಡಿಯೇಟರ್ ಮತ್ತು ಗೋಡೆಯ ಬುಡದುದ್ದಕ್ಕೂ ಕೂರಿಸುವ ತೆಳು ಬೇಸ್‌ಬೋರ್ಡನ್ನು ಒಂದೇ ಜೋನಿಗೆ ಸೇರಿಸಬೇಡಿ. ತೆಳುವಾದದ್ದು ಬೇಗ ಆರುತ್ತದೆ, ಬೀಡು ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ.

ನಾನು ಹೇಳುವ ಜೋಡಣೆ: ಒತ್ತಡ ನೋಡಿ ತಾನೇ ವೇಗ ಬದಲಿಸುವ ಒಂದು ಪಂಪ್, ಜೋನಿಗೊಂದು ವಾಲ್ವ್, ಹೊರಗಿನ ಚಳಿ ನೋಡಿ ನೀರಿನ ಬಿಸಿ ಬದಲಿಸುವ ಕಂಟ್ರೋಲ್. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗೆ ಮಾತ್ರ ಥರ್ಮೋಸ್ಟಾಟಿಕ್ ವಾಲ್ವ್ ಬೇಡ, ಎರಡೂ ಒಂದನ್ನೊಂದು ಎಳೆದಾಡುತ್ತವೆ. ಬಾಯ್ಲರಿಗೆ ಮರಳುವ ನೀರು 130 ಡಿಗ್ರಿಗಿಂತ ತಣ್ಣಗಿದ್ದರೆ ಕಂಡೆನ್ಸಿಂಗ್ ಬಾಯ್ಲರಿಗೆ (ಹೊಗೆಯ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವಂಥದ್ದು) ಒಳ್ಳೆಯದು. ಸಾಮಾನ್ಯ ಬೀಡಿನ ಬಾಯ್ಲರಿಗೆ ಅದೇ ಮಾರಕ, ಹೊಗೆಯ ಆವಿ ನೀರಾಗಿ ಒಳಭಾಗವನ್ನೂ ಚಿಮಣಿಯನ್ನೂ ತಿನ್ನುತ್ತದೆ. ಅದನ್ನೇ ಉಳಿಸಿಕೊಳ್ಳುವುದಾದರೆ ಮರಳುವ ನೀರಿಗೆ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಕಡ್ಡಾಯ.

ಪೈಪಿನೊಳಗಿನ ನೀರಿನ ಒತ್ತಡವನ್ನು ಬಹಳ ಜನ ಮರೆಯುತ್ತಾರೆ. ಒತ್ತಡ ತೋರಿಸುವ ಗೇಜಿನಿಂದ ಅತಿ ಮೇಲಿನ ರೇಡಿಯೇಟರ್ ತುದಿಗೆ 25 ಅಡಿ ಇದ್ದರೆ, ಅದನ್ನು 2.31ರಿಂದ ಭಾಗಿಸಿ 4 ಸೇರಿಸಿ: ಸುಮಾರು 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಮಾಮೂಲಿ 12ಕ್ಕೇ ಬಿಟ್ಟರೆ ಮೂರನೇ ಮಹಡಿಯಲ್ಲಿ ಗಾಳಿ ಕಟ್ಟುತ್ತಲೇ ಇರುತ್ತದೆ. ಬಿಸಿಯಾದ ನೀರು ಹಿಗ್ಗಲು ಜಾಗ ಕೊಡುವ, ಒಳಗೆ ಡಯಾಫ್ರಾಮ್ (ರಬ್ಬರ್ ಪೊರೆ) ಇರುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿಯನ್ನೂ, ನೀರಿಗೆ ಜೋಡಿಸುವ ಮುನ್ನ, ಅಷ್ಟೇ ಒತ್ತಡಕ್ಕೆ ತುಂಬಿಸಬೇಕು. ದಪ್ಪ ಪೈಪುಗಳಲ್ಲಿ ನೀರು ಬಹಳ ಇರುವುದರಿಂದ ಚಿಕ್ಕ ಟ್ಯಾಂಕ್ ಸಾಲದು. ಪಂಪ್ ಟ್ಯಾಂಕಿನ ಕಡೆಗಲ್ಲ, ಟ್ಯಾಂಕಿನಿಂದ ಆಚೆಗೆ ನೀರು ದೂಡುವಂತಿರಲಿ.

ಹಳೆಯ ವ್ಯವಸ್ಥೆಯ ಕಪ್ಪು ತುಕ್ಕಿನ ಕೆಸರು ಹೊಸ ಪಂಪಿನ ಆಯಸ್ಕಾಂತಕ್ಕೆ ಅಂಟುತ್ತದೆ. ಮೊದಲು ಚೆನ್ನಾಗಿ ತೊಳೆಸಿ, ಮರಳುವ ಪೈಪಿಗೆ ಆಯಸ್ಕಾಂತವಿರುವ ಡರ್ಟ್ ಸೆಪರೇಟರ್ ಹಾಕಿಸಿ. ಇನ್ನು, ಬೇಸ್‌ಮೆಂಟಿನ ಪೈಪುಗಳ ಮೇಲೆ ಬಿಳಿಯ ಗಟ್ಟಿ ಹೊದಿಕೆ ಇದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೈಯಿಂದ ಮುಟ್ಟಬೇಡಿ, ಪ್ಲಂಬರ್ ಕತ್ತರಿಸಲೂ ಬಿಡಬೇಡಿ. ಪರೀಕ್ಷೆ ಮಾಡಿಸಿ, ಪರವಾನಗಿ ಇರುವವರಿಂದ ತೆಗೆಸಿದ ಮೇಲೆಯೇ ಪೈಪಿನ ಕೆಲಸ ಶುರುವಾಗಲಿ.