ಕೃಷಿ ಹೊಂಡಕ್ಕೆ ಸರ್ಕಾರದ ಸಹಾಯಧನ ಸಿಗುತ್ತಾ?

ಮಳೆ ನಂಬಿದ ಎರಡೆಕರೆಗೆ ಹೊಂಡ ತೆಗೆಸಬೇಕು, ನೆರವು ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಇರುವುದೇ ಮಳೆಯಾಶ್ರಿತ ಜಮೀನಿಗೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ. ಹೊಂಡ ಒಂದೇ ಅಲ್ಲ. ಬದು, ಪಾಲಿಥೀನ್ ಹೊದಿಕೆ, ಪಂಪ್‌ಸೆಟ್, ತುಂತುರು ನೀರಾವರಿ, ಸುತ್ತ ತಂತಿಬೇಲಿಯೂ ಇದರಲ್ಲಿ ಸೇರಿವೆ.

ಬೇಲಿ ಮಾತ್ರ ಬಿಡಲೇಬೇಡಿ. ತುಂಬಿದ ಹೊಂಡದಲ್ಲಿ ಪಾಲಿಥೀನ್ ಮೇಲೆ ಕಾಲು ಜಾರಿದರೆ ಮಕ್ಕಳಿಗೆ ಹತ್ತಿ ಬರಲು ಹಿಡಿತವೇ ಸಿಗಲ್ಲ. ಇದನ್ನು ನೆನೆದರೇ ಎದೆ ಝಲ್ ಅನ್ನುತ್ತದೆ.

ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇಲ್ಲದಿದ್ದರೆ ಮೊದಲು ಮಾಡಿಸಿ. ಮಂಜೂರಾಗುವ ಮುಂಚೆ ಸುಮ್ನೆ ಜೆಸಿಬಿ ಇಳಿಸಬೇಡಿ.