ಪ್ರಕರಣ: ಜರ್ಮನಿಯ ಕೋಣೆಯಲ್ಲಿ ಊರಿನ ಗಡಿಯಾರ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯ ಹುಡುಗಿಯೊಬ್ಬಳು ಅಕ್ಟೋಬರ್‌ನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರ್‌ಗೆಂದು, ಸ್ನಾತಕೋತ್ತರ ಎಂಜಿನಿಯರಿಂಗ್ ಓದಲು ಜರ್ಮನಿಗೆ ಹೋಗಿದ್ದಳು. ನಮ್ಮನ್ನು ಮೊದಲು ಸಂಪರ್ಕಿಸಿದವರು ಆಕೆಯ ತಂದೆ. "ವಾಪಸ್ ಬರ್ತೀನಿ ಅಂತ ಅಳ್ತಾಳೆ. ಸಾಲ ಮಾಡಿ ಕಳಿಸಿದ್ದೀವಿ, ನೀವೇ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದರು. ಬುದ್ಧಿ ಹೇಳುವುದು ಆಪ್ತಸಲಹೆಯ ಕೆಲಸವಲ್ಲವೆಂದು ಅವರಿಗೆ ತಿಳಿಸಿ, ಮಗಳು ತಾನಾಗಿ ಒಪ್ಪಿದ ಮೇಲೆ ವಿಡಿಯೊ ಕರೆಯಲ್ಲಿ ಆಕೆಯೊಂದಿಗೆ ಮಾತನಾಡಿದೆ.

ನಿದ್ದೆಯಿಲ್ಲ, ತರಗತಿಯಲ್ಲಿ ಕಣ್ಣು ಎಳೆಯುತ್ತದೆ, ತನಗೆ ಇದಕ್ಕೆಲ್ಲ ಯೋಗ್ಯತೆಯಿಲ್ಲ ಎಂಬುದು ಆಕೆಯ ಮಾತಾಗಿತ್ತು. ಹಿಂದಿನ ದಿನವನ್ನು ಗಂಟೆಗಂಟೆಯಾಗಿ ವಿವರಿಸಲು ಕೇಳಿದಾಗ ಚಿತ್ರ ಬೇರೆಯಾಗಿಯೇ ಕಂಡಿತು. ತಾಯಿ ಬೆಳಗ್ಗೆ ಆರಕ್ಕೆ ಒಲೆ ಹಚ್ಚಿ ಕರೆ ಮಾಡುವಾಗ ಅಲ್ಲಿ ನಡುರಾತ್ರಿ ಎರಡೂವರೆ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು, ಮಾತಿಲ್ಲದಿದ್ದರೂ ಕರೆಯನ್ನು ಗಂಟೆಗಟ್ಟಲೆ ಹಾಗೆಯೇ ಬಿಡುವುದು ರೂಢಿಯಾಗಿತ್ತು. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅದರ ಅರಿವಿಲ್ಲದೆ ಒಂದು ಭಾನುವಾರವಿಡೀ ಮನೆಯಿಂದ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿಯಲ್ಲೇ ಕಳೆದಿದ್ದಳು.

ಇದಕ್ಕಿಂತ ದೊಡ್ಡ ಗಂಟು ಕಾಗದಪತ್ರದ್ದು. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಆಕೆ ಇದ್ದದ್ದು ಪರಿಚಿತ ಸೀನಿಯರ್ ಒಬ್ಬರು ತಾತ್ಕಾಲಿಕವಾಗಿ ಬಿಟ್ಟುಕೊಟ್ಟ ಕೋಣೆಯಲ್ಲಿ, ಅಲ್ಲಿ ಆ ಪತ್ರ ಸಿಗುವಂತಿರಲಿಲ್ಲ. ಆಕೆ ಅರ್ಜಿ ಹಾಕಿದ್ದ ಬ್ಯಾಂಕು ನೋಂದಣಿ ಪತ್ರವಿಲ್ಲದೆ ಖಾತೆ ತೆರೆಯಲೊಪ್ಪಲಿಲ್ಲ. ಖಾತೆಯಿಲ್ಲದ್ದರಿಂದ, ವೀಸಾಕ್ಕಾಗಿ ಅಪ್ಪ ಬ್ಲಾಕ್ಡ್ ಅಕೌಂಟ್‌ನಲ್ಲಿ (ಮೊದಲೇ ಇಟ್ಟ ಹಣ ತಿಂಗಳ ಕಂತಿನಲ್ಲಷ್ಟೇ ಕೈಗೆ ಬರುವ ಖಾತೆ) ಇರಿಸಿದ್ದ 11,904 ಯೂರೊದಲ್ಲಿ ತಿಂಗಳಿಗೆ ಬರಬೇಕಿದ್ದ 992 ಯೂರೊ ಕೈಸೇರಲಿಲ್ಲ. ಕೈಯಲ್ಲಿದ್ದ ನಗದು ಕರಗುತ್ತಿದ್ದಂತೆ, ಇಷ್ಟೂ ತನ್ನ ದಡ್ಡತನದ ಫಲವೆಂದು ಆಕೆ ನಂಬಿದ್ದಳು. ಇಂಥ ಸ್ಥಿತಿಯಲ್ಲಿರುವವರಿಗೆ ಧ್ಯಾನ, ಪ್ರಾಣಾಯಾಮಗಳನ್ನೇ ಮೊದಲು ಸೂಚಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ತಲೆಯ ಮೇಲೆ ಸೂರು, ಕೈಯಲ್ಲಿ ಕಾಸು ಗಟ್ಟಿಯಾಗದೆ ಮನಸ್ಸು ನಿಲ್ಲುವುದು ಕಷ್ಟ.

ಆದ್ದರಿಂದ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಖುದ್ದಾಗಿ ಹೋಗಿ, ವಿಳಾಸದ ತೊಡಕನ್ನು ಮುಚ್ಚಿಡದೆ ಹೇಳಿ, ನೋಂದಣಿಗೆ ಅವಕಾಶವಿರುವ ಕೋಣೆ ಹುಡುಕಲು ನೆರವು ಕೇಳುವಂತೆ ಮೊದಲ ಸಲಹೆ ನೀಡಿದೆ. ನೋಂದಣಿ ಕಚೇರಿಯಲ್ಲಿ ಸಮಯ ಕಾಯ್ದಿರಿಸಿದ ಇ-ಮೇಲ್ ಅನ್ನು ಜೋಪಾನ ಮಾಡಲೂ, ವಾಪಸ್ ಬರುವ ನಿರ್ಧಾರವನ್ನು ಹಣ ಕೈಸೇರುವವರೆಗೆ ಮುಂದೂಡಲೂ ಸೂಚಿಸಿದೆ. ದಿನಕ್ಕೊಂದು ಊಟವನ್ನಾದರೂ ಕ್ಯಾಂಪಸ್ಸಿನ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ, ಸಹಪಾಠಿಗಳ ಜೊತೆ ಮಾಡಬೇಕೆಂಬುದನ್ನು ಆಕೆ ಮನಸ್ಸಿಲ್ಲದೆಯೇ ಒಪ್ಪಿದಳು.

ತಾಯಿಯೊಂದಿಗಿನ ಮಾತು ಇನ್ನೂ ಸೂಕ್ಷ್ಮವಾಗಿತ್ತು. "ಅವಳ ಮುಖ ನೋಡದೆ ನಂಗೆ ತುತ್ತು ಇಳಿಯಲ್ಲ" ಎಂದರು. ಕರೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಮಗಳ ಸಂಜೆ ಐದಕ್ಕೆ, ಅಂದರೆ ಅವರ ರಾತ್ರಿ ಎಂಟೂವರೆಗೆ, ಅರ್ಧ ಗಂಟೆ ಎಂದು ನಿಗದಿ ಮಾಡಿದೆವು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಸರಿಯುವುದರಿಂದ ಆಮೇಲೆ ಅದು ಒಂಬತ್ತೂವರೆಯಾಗುವುದೆಂದೂ ತಿಳಿಸಿದೆ. ಸಾಲದ ವಿಷಯವನ್ನು ಆ ಅರ್ಧ ಗಂಟೆಯಲ್ಲಿ ಎತ್ತುವುದಿಲ್ಲವೆಂದು ತಂದೆ ಮಾತು ಕೊಟ್ಟರು.

ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ. ಹಗಲಿನ ಬೆಳಕಿನಲ್ಲಿ ಹೊರಗೆ ನಡೆದಾಡಬೇಕು. ನಿದ್ದೆ, ಹಸಿವು ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ತಡಮಾಡದೆ ಅಲ್ಲಿನ ವೈದ್ಯರನ್ನು ಕಾಣಬೇಕು, ತುರ್ತಿಗೆ 112 ಇದೆ ಎಂದು ಬರೆದುಕೊಟ್ಟೆ. ಹೆತ್ತವರಿಗೆ ಇಲ್ಲಿನ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ತಿಳಿಸಿದೆ.

ಮುಂದಿನ ಭೇಟಿಯ ಹೊತ್ತಿಗೆ ಕೋಣೆ ಬದಲಾಗಿ ನೋಂದಣಿ ಮುಗಿದಿತ್ತು, ಮೊದಲ ಕಂತಿನ ಹಣ ಬಂದಿತ್ತು. ಊರಿನ ನೆನಪು ಹೋಗಿರಲಿಲ್ಲ, ಭಾಷೆಯ ಅಳುಕೂ ಹಾಗೆಯೇ ಇತ್ತು. ಅರೆಕಾಲಿಕ ಕೆಲಸಕ್ಕೆ ಸೇರಿ ಸಾಲ ತೀರಿಸಲೇ ಎಂದು ಕೇಳಿದಳು. ಮೊದಲ ಸೆಮಿಸ್ಟರ್‌ನ ಪರೀಕ್ಷೆಗಳು ಮುಗಿದ ಮೇಲೆ ಆ ಬಗ್ಗೆ ಮಾತನಾಡುವುದೆಂದು ನಿಶ್ಚಯಿಸಿದೆವು.